ಬೀಗದ ಕೈ ನಮ್ಮಲ್ಲೇ ಇರಲಿ

ಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಅದೇ ಬಾಗಿಲಿನ ಮೊಳೆಗೆ ತೂಗುಹಾಕಿ ಪರಊರಿಗೆ ಹೋಗುವವನನ್ನು ಯಾರೂ ಜಾಣನೆನ್ನಲಾರರು. ಆದರೆ ಬ್ಯಾಂಕಿನ ಕಾರ್ಡಿನ ವಿಷಯದಲ್ಲಿ ನಮ್ಮವರಲ್ಲಿ ಅನೇಕರು ಮಾಡುತ್ತಿರುವುದು ಇದನ್ನೇ. ಕಾರ್ಡಿನ ಲಕೋಟೆಯ ಮೇಲೆಯೇ ಪಿನ್ ಸಂಖ್ಯೆ ಬರೆದಿಡುವುದು, ಎ.ಟಿ.ಎಂ. ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಕಾರ್ಡನ್ನೂ ಸಂಖ್ಯೆಯನ್ನೂ ಒಟ್ಟಿಗೆ ಒಪ್ಪಿಸುವುದು, ಅಂಗಡಿಯಲ್ಲಿ ಹತ್ತು ಜನರ ಕಿವಿಗೆ ಬೀಳುವಂತೆ ಆ ನಾಲ್ಕು ಅಂಕಿಗಳನ್ನು ಕೂಗಿ ಹೇಳುವುದು, ಇವೆಲ್ಲ ದಿನನಿತ್ಯದ ನೋಟಗಳಾಗಿವೆ. ಹಣ ಹೋದ ಮೇಲೆ ಅಳುವುದು ಇದ್ದೇ ಇದೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಮುಚ್ಚುವ ಈ ಪರಿಪಾಠ ನಿಲ್ಲಬೇಕಾದರೆ, ಪಿನ್ ಎಂದರೇನು, ಅದನ್ನು ಕಾಯುವ ಹೊಣೆ ಯಾರದು ಎಂಬುದನ್ನು ನಾವು ನಮ್ಮ ಮನೆಗಳಲ್ಲಿ, ನಮ್ಮ ಭಾಷೆಯಲ್ಲಿಯೇ ಮಾತನಾಡಬೇಕಾಗಿದೆ.

ಈ ಮಾತಿಗೆ ಕಾರಣವಾದದ್ದು ನಮ್ಮ ಜತ್ತ ತಾಲೂಕಿನ ಒಂದು ಸಂಗತಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ ಈ ತಾಲೂಕಿನ ಹೆಸರು ಕಾಸರಗೋಡಿನ ವಾಚಕರಿಗೆ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಜತ್ತ ಮುಂಬಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ನಿಮ್ಮ ನೆಲವನ್ನೂ ಜತ್ತದ ಹಲವು ಹಳ್ಳಿಗಳನ್ನೂ ಕನ್ನಡ ನಾಡಿಗೆ ಸೇರಿಸಬೇಕೆಂದಿತು. ವರದಿ ವರದಿಯಾಗಿಯೇ ಉಳಿಯಿತು. ಉಮದಿ, ಸಂಖದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನಿಮ್ಮಲ್ಲಿ ಕಚೇರಿಯ ಮಾತು ಮಲಯಾಳ. ಭಾಷೆ ಬೇರೆಯಾದರೂ ಬವಣೆ ಒಂದೇ. ಆದುದರಿಂದಲೇ ಇಲ್ಲಿಯ ಅನುಭವವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಒಂದು ಅಜ್ಜಿಯ ಕಥೆ

ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ವಿಧವೆ. ಸರ್ಕಾರದ ನಿರಾಧಾರ ಯೋಜನೆಯ ಮಾಸಾಶನ ಆಕೆಯ ಬ್ಯಾಂಕ್ ಖಾತೆಗೆ ಬರುತ್ತದೆ. ಅದರಲ್ಲಿ ತಿಂಗಳಿಗಿಷ್ಟು ಉಳಿಸಿ, ಮೊಮ್ಮಗಳು ಹತ್ತನೆಯ ತರಗತಿ ಮುಗಿಸಿದ ಮೇಲೆ ಕಾಲೇಜಿಗೆ ಕಳುಹಿಸಬೇಕೆಂಬುದು ಆಕೆಯ ಎಣಿಕೆ. ಸಂತೆಯ ದಿನ ಐನೂರು ರೂಪಾಯಿ ತೆಗೆಯಲು ಎ.ಟಿ.ಎಂ.ಗೆ ಹೋದಳು. ಪರದೆಯ ಮೇಲೆ ಮರಾಠಿ, ಹಿಂದಿ, ಇಂಗ್ಲಿಷ್, ಕನ್ನಡವಿರಲಿಲ್ಲ. ಏನು ಒತ್ತಬೇಕೆಂದು ತಿಳಿಯದೆ ನಿಂತಾಗ ಹಿಂದಿನಿಂದ ಒಬ್ಬ ತರುಣ ಬಂದ. "ಯಾಕ ಯವ್ವಾ, ಬರವಲ್ದೇನು? ತಾ ಇಲ್ಲಿ, ನಾ ತಗದ ಕೊಡ್ತೀನಿ" ಎಂದ. ಆಕೆ ಕಾರ್ಡು ಕೊಟ್ಟಳು, ಅಂಕಿಗಳನ್ನೂ ಹೇಳಿದಳು. ಆತ ಐನೂರು ರೂಪಾಯಿ ತೆಗೆದು ಕೈಗಿಟ್ಟು, ಕಾರ್ಡನ್ನೂ ಹಿಂದಿರುಗಿಸಿ, ನಮಸ್ಕಾರ ಮಾಡಿ ಹೋದ. ಕೊಟ್ಟ ಕಾರ್ಡು ಮಾತ್ರ ಆಕೆಯದಾಗಿರಲಿಲ್ಲ. ಅದೇ ಬಣ್ಣದ, ಬೇರೆ ಯಾರದೋ ಹಳೆಯ ಕಾರ್ಡು ಅದು.

ಮುಂದಿನ ಮೂರು ದಿನಗಳಲ್ಲಿ 19,000 ರೂಪಾಯಿ ಹೋಯಿತು. ಹಣ ಹೋದ ಸಂದೇಶಗಳು ಇಂಗ್ಲಿಷಿನಲ್ಲಿ, ದೂರದ ಊರಿಗೆ ಕಬ್ಬು ಕಡಿಯಲು ಹೋಗಿದ್ದ ಮಗನ ಮೊಬೈಲಿಗೆ ಬಂದವು. ಆತ ಅವನ್ನು ಓದಲಿಲ್ಲ. ಬ್ಯಾಂಕಿಗೆ ಹೋದಾಗ ಗುಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: "ಪಿನ್ ಯಾರಿಗಾದರೂ ಹೇಳಿದ್ದೀರಾ?" ಅಜ್ಜಿ ಸುಳ್ಳು ಹೇಳುವವಳಲ್ಲ. ಹೇಳಿದ್ದೇನೆ ಎಂದಳು. ಆ ಒಂದು ಮಾತಿನಿಂದ ಪ್ರಕರಣ ಮುಗಿಯಿತು. ಆಕೆಯ ಹೇಳಿಕೆಯನ್ನು ಮರಾಠಿಯಲ್ಲಿ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು.

ನಮ್ಮೆದುರು ಕುಳಿತು ಆಕೆ ಹೇಳಿದ ಒಂದು ಮಾತು ಮಾತ್ರ ಮರೆಯುವಂಥದಲ್ಲ. "ಕನ್ನಡದಾಗ ಮಾತಾಡಿದನ್ರೀ ಸರ. ನಮ್ಮವನ ಅದಾನ ಅಂತ ತಿಳದು ಕೊಟ್ಟೆ."

ವಾಚಕರು ಈ ಮಾತನ್ನು ಎರಡು ಸಲ ಓದಬೇಕೆಂದು ನಮ್ಮ ಪ್ರಾರ್ಥನೆ. ಪರಭಾಷೆಯ ನಡುವೆ ಬದುಕುವವರಿಗೆ ತಾಯ್ನುಡಿಯ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಮನಸ್ಸು ಕರಗುತ್ತದೆ. ಅದು ನಮ್ಮ ಗುಣವೇ ಸರಿ. ಆದರೆ ವಂಚಕರಿಗೂ ಈ ಗುಣ ಗೊತ್ತಿದೆ. ಕಳ್ಳನಿಗೆ ಕನ್ನಡ ಬರಬಾರದೆಂಬ ನಿಯಮವೇನೂ ಇಲ್ಲವಷ್ಟೆ. ಭಾಷೆಯ ಅಭಿಮಾನ ಬೇರೆ, ಬೀಗದ ಕೈ ಬೇರೆ.

ನಾಲ್ಕೇ ಅಂಕಿ ಏಕೆ?

ಲಂಡನ್ನಿನ ಎನ್‌ಫೀಲ್ಡ್ ಎಂಬಲ್ಲಿ 1967ರ ಜೂನ್ 27ರಂದು ಹಣ ಕೊಡುವ ಯಂತ್ರವೊಂದು ಆರಂಭವಾಯಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ದೇಶದ ಶಿಲ್ಲಾಂಗಿನಲ್ಲಿ. ಮೊದಲು ಆರು ಅಂಕಿಯ ಗುಪ್ತ ಸಂಖ್ಯೆ ಇಡಬೇಕೆಂದುಕೊಂಡಿದ್ದರಂತೆ; ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲವೆಂದು ಮಡದಿ ಹೇಳಿದ ಕಾರಣ ನಾಲ್ಕಕ್ಕೆ ಇಳಿಸಿದರೆಂದು ಅವರೇ ಹೇಳಿಕೊಂಡಿದ್ದಾರೆ. ಸ್ಕಾಟ್ಲೆಂಡಿನ ಎಂಜಿನಿಯರ್ ಜೇಮ್ಸ್ ಗುಡ್‌ಫೆಲೊ ಅದಕ್ಕೂ ಮುಂಚೆ, 1966ರಲ್ಲಿ, ಗುಪ್ತ ಸಂಖ್ಯೆಯ ಏರ್ಪಾಟಿಗೆ ಹಕ್ಕುಪತ್ರ ಪಡೆಯಲು ಅರ್ಜಿ ಹಾಕಿದ್ದರು. ಭಾರತಕ್ಕೆ ಎ.ಟಿ.ಎಂ. ಬಂದದ್ದು 1987ರಲ್ಲಿ, ಮುಂಬಯಿಗೆ.

0000ದಿಂದ 9999ರ ತನಕ ಒಟ್ಟು ಹತ್ತು ಸಾವಿರ ಸಂಖ್ಯೆಗಳಾಗುತ್ತವೆ. ಕಳ್ಳನಿಗೆ ಸಾಮಾನ್ಯವಾಗಿ ಸಿಗುವುದು ಮೂರು ಅವಕಾಶ. ಮೂರೂ ತಪ್ಪಿದರೆ ಕಾರ್ಡಿನ ಬಳಕೆಗೆ ತಡೆ ಬೀಳುತ್ತದೆ. ಇದೇ ಈ ಬೀಗದ ಬಲ. ಆದರೆ ಈ ಬಲವನ್ನು ನಾವೇ ಕುಂದಿಸುತ್ತೇವೆ. ಎಲ್ಲಿಂದಲೋ ಸೋರಿ ಬಯಲಾಗಿದ್ದ 34 ಲಕ್ಷ ನಾಲ್ಕಂಕಿ ಗುಪ್ತ ಸಂಖ್ಯೆಗಳನ್ನು 2012ರಲ್ಲಿ ಒಬ್ಬರು ಎಣಿಸಿ ನೋಡಿದಾಗ ಹತ್ತರಲ್ಲಿ ಒಂದಕ್ಕೂ ಹೆಚ್ಚು 1234 ಆಗಿತ್ತು. ಅದರ ಬೆನ್ನಿಗೆ 1111, 0000. ಹುಟ್ಟಿದ ವರ್ಷ, ಗಾಡಿಯ ನಂಬರು, ಮೊಬೈಲಿನ ಕೊನೆಯ ನಾಲ್ಕು ಅಂಕಿ, ಇವೂ ಅದೇ ಜಾತಿಗೆ ಸೇರಿದವು.

ಸಹಿಗಿಂತ ಪಿನ್ ಮೇಲು

ಕೆಲವು ವರ್ಷಗಳ ಹಿಂದಿನ ತನಕ ಅಂಗಡಿಗಳಲ್ಲಿ ಕಾರ್ಡು ಉಜ್ಜಿ ಚೀಟಿಯ ಮೇಲೆ ಸಹಿ ಹಾಕಿದರೆ ಸಾಕಾಗಿತ್ತು. ಆ ಸಹಿಯನ್ನು ಕಾರ್ಡಿನ ಬೆನ್ನಿನ ಸಹಿಯೊಡನೆ ಹೋಲಿಸಿ ನೋಡಿದ ಅಂಗಡಿಯವರು ಎಷ್ಟು ಮಂದಿ? ಅದೂ ನಮ್ಮಂತೆ ಕನ್ನಡದಲ್ಲಿ ಸಹಿ ಹಾಕುವವರ ಅಕ್ಷರವನ್ನು ಸಾಂಗಲಿಯಲ್ಲೋ ಕಣ್ಣೂರಿನಲ್ಲೋ ಓದುವವರಾರು? ಕಾರ್ಡು ಕದ್ದವನು ಯಾವ ಗೀಟು ಎಳೆದರೂ ನಡೆಯುತ್ತಿತ್ತು. ಇದನ್ನು ಮನಗಂಡೇ ರಿಸರ್ವ್ ಬ್ಯಾಂಕು 2013ರ ಡಿಸೆಂಬರ್ 1ರಿಂದ ಅಂಗಡಿಗಳ ಯಂತ್ರದಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಕಡ್ಡಾಯ ಮಾಡಿತು.

ಇನ್ನೊಂದು ಸುಧಾರಣೆ ಕಾರ್ಡಿನ ಚಿಪ್ಪು. ಹಳೆಯ ಕಾರ್ಡಿನ ಬೆನ್ನಿನ ಕಪ್ಪು ಪಟ್ಟಿಯಲ್ಲಿದ್ದ ವಿವರ ಎಂದೂ ಬದಲಾಗದು. ಎ.ಟಿ.ಎಂ.ನ ಬಾಯಿಗೆ ಕಳ್ಳ ಸಾಧನವೊಂದನ್ನು ಅಂಟಿಸಿ ಆ ಪಟ್ಟಿಯನ್ನು ನಕಲು ಮಾಡಿಕೊಳ್ಳುವುದು, ಮೇಲಿನಿಂದ ಪುಟ್ಟ ಕ್ಯಾಮರಾದಲ್ಲಿ ಪಿನ್ ನೋಡಿಕೊಳ್ಳುವುದು, ಆಮೇಲೆ ನಕಲಿ ಕಾರ್ಡು ಮಾಡುವುದು ವಂಚಕರ ಪದ್ಧತಿ. ಚಿಪ್ಪಿನ ಕಾರ್ಡಾದರೋ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುತ್ತದೆ. ನಿನ್ನೆಯದನ್ನು ಕದ್ದು ಇಂದು ಬಳಸಲಾಗದು. 2018ರ ಕೊನೆಯೊಳಗೆ ಹಳೆಯ ಕಾರ್ಡುಗಳನ್ನು ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಚಿಪ್ಪು ನಕಲಿ ಕಾರ್ಡನ್ನು ತಡೆಯುತ್ತದೆ, ಪಿನ್ ಕದ್ದ ಕಾರ್ಡನ್ನು ತಡೆಯುತ್ತದೆ. ಎರಡೂ ಜೊತೆಗಿದ್ದರೇ ಕ್ಷೇಮ. ಇನ್ನು ಕೀಲಿಗಳನ್ನು ಒತ್ತುವಾಗ ಇನ್ನೊಂದು ಅಂಗೈಯಿಂದ ಮರೆ ಮಾಡಿದರೆ ಮೇಲಿನ ಕ್ಯಾಮರಾ ಕುರುಡಾಗುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಪಿನ್ ಇದ್ದರೆ ಎಲ್ಲ ವಂಚನೆಯೂ ನಿಲ್ಲುತ್ತದೆಂದು ನಾವು ಹೇಳುತ್ತಿಲ್ಲ. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಗಣಕ ವ್ಯವಸ್ಥೆಗೇ ಕನ್ನ ಹಾಕಿ, ನಕಲಿ ಕಾರ್ಡುಗಳ ಮೂಲಕ 28 ದೇಶಗಳ ಎ.ಟಿ.ಎಂ.ಗಳಿಂದ ಹಣ ಎತ್ತಲಾಯಿತು. ಒಟ್ಟು ನಷ್ಟ 94 ಕೋಟಿ ರೂಪಾಯಿಗೂ ಹೆಚ್ಚು. ಅಲ್ಲಿ ಗ್ರಾಹಕರ ತಪ್ಪು ಎಳ್ಳಷ್ಟೂ ಇರಲಿಲ್ಲ. ಗ್ರಾಹಕರ ಖಾತೆಗಳಿಂದ ಹಣ ಹೋಗಿಲ್ಲವೆಂದು ಬ್ಯಾಂಕೂ ತಿಳಿಸಿತು. 2016ರಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಸೋರಿದ ಭೀತಿ ಹುಟ್ಟಿದಾಗಲೂ ದೋಷವಿದ್ದದ್ದು ಯಂತ್ರಗಳ ಜಾಲದಲ್ಲಿ. ಆದರೆ ಆಗ ಬ್ಯಾಂಕುಗಳು ಗ್ರಾಹಕರಿಗೆ ಕೊಟ್ಟ ಸಲಹೆ, ಪಿನ್ ಬದಲಾಯಿಸಿ ಎಂಬುದೇ. ಬದಲಾಯಿಸಲು ಬರುವುದೇ ಈ ಬೀಗದ ದೊಡ್ಡ ಗುಣ. 2023ರಲ್ಲಿ ನಿಮ್ಮ ನೆರೆಯ ಮಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಬೆರಳಚ್ಚಿನ ನಕಲು ಬಳಸಿ ಹಣ ಎತ್ತಿದ ದೂರುಗಳು ಬಂದವು. ಪಿನ್ ಕದ್ದರೆ ಹೊಸದನ್ನು ಇಟ್ಟುಕೊಳ್ಳಬಹುದು. ಬೆರಳು ಹೊಸದು ಎಲ್ಲಿಂದ ತರೋಣ?

ಸುಲಭವೆಂಬ ಮಾಯೆ

ಈಗ ಯಂತ್ರಕ್ಕೆ ಕಾರ್ಡು ತಾಗಿಸಿದರೆ ಸಾಕು, ಪಿನ್ ಬೇಡ ಎಂಬ ಅನುಕೂಲ ಬಂದಿದೆ. ಮೊದಲು 2,000 ರೂಪಾಯಿಯಿದ್ದ ಈ ಮಿತಿ 2021ರ ಜನವರಿ 1ರಿಂದ 5,000ಕ್ಕೆ ಏರಿತು. ನಗರದ ಸಂಬಳದಾರನಿಗೆ 5,000 ಸಣ್ಣ ಮೊತ್ತವಿರಬಹುದು. ಬೀಡಿ ಕಟ್ಟುವ ಕೈಗೆ, ಅಡಿಕೆ ಸುಲಿಯುವ ಕೈಗೆ, ಕಬ್ಬು ಕಡಿಯುವ ಕೈಗೆ ಅದು ಎಷ್ಟು ದಿನಗಳ ದುಡಿಮೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಕಳೆದುಹೋದ ಕಾರ್ಡು ಸಿಕ್ಕವನಿಗೆ ಅಲ್ಲಿ ಯಾವ ಬೀಗವೂ ಅಡ್ಡವಿಲ್ಲ. ಸಂತಸದ ಸಂಗತಿಯೆಂದರೆ, ಈ ಸೌಲಭ್ಯವನ್ನು ಬೇಡವೆನ್ನುವ ಹಕ್ಕು ನಮಗಿದೆ. ಯಾವ ಬಗೆಯ ವ್ಯವಹಾರ ಬೇಕು, ಯಾವುದು ಬೇಡ, ಎಷ್ಟರ ಮಿತಿ ಎಂಬುದನ್ನು ಗ್ರಾಹಕರೇ ನಿರ್ಧರಿಸುವ ಏರ್ಪಾಟನ್ನು 2020ರ ಅಕ್ಟೋಬರ್ 1ರಿಂದ ಜಾರಿಗೆ ತರಲಾಯಿತು. ಅವಶ್ಯವಿಲ್ಲದವರು ಬ್ಯಾಂಕಿಗೆ ಹೇಳಿ ಅದನ್ನು ನಿಲ್ಲಿಸಿಬಿಡುವುದು ಲೇಸು. ಪಿನ್ ಒತ್ತಲು ಹಿಡಿಯುವ ಅರೆ ನಿಮಿಷ ದುಬಾರಿಯೇನಲ್ಲ.

ಮನೆಯವರಿಗೂ ಬೇಡವೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಗಂಡ ಹೆಂಡತಿಯ ನಡುವೆ, ತಾಯಿ ಮಗನ ನಡುವೆ ಗುಟ್ಟೇನು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾನೂನಿನ ಕಣ್ಣು ಬೇರೆ. 2013ರ ನವೆಂಬರಿನಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಹೆರಿಗೆ ರಜೆಯಲ್ಲಿದ್ದಾಗ ಕಾರ್ಡನ್ನೂ ಪಿನ್ನನ್ನೂ ಪತಿಗೆ ಕೊಟ್ಟು 25,000 ರೂಪಾಯಿ ತರಲು ಕಳುಹಿಸಿದರು. ಯಂತ್ರ ಚೀಟಿ ಕೊಟ್ಟಿತು, ಹಣ ಕೊಡಲಿಲ್ಲ. ಅವರು ಗ್ರಾಹಕರ ವೇದಿಕೆಯಲ್ಲಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಬಂದ ತೀರ್ಪು ಅವರ ವಿರುದ್ಧವಾಯಿತು. ಪಿನ್ನನ್ನು ಇನ್ನೊಬ್ಬರಿಗೆ ಕೊಟ್ಟದ್ದೇ ನಿಯಮಭಂಗ ಎಂದಾಯಿತು. ಕಟ್ಟಿಕೊಂಡ ಗಂಡನಿಗೆ ಕೊಟ್ಟರೇ ಹೀಗಾದರೆ, ಎ.ಟಿ.ಎಂ. ಬಾಗಿಲಲ್ಲಿ ಸಿಕ್ಕ ತರುಣನಿಗೆ ಕೊಟ್ಟ ನಮ್ಮ ಅಜ್ಜಿಯ ಪಾಡೇನು?

ಗಲ್ಫಿಗೆ ಹೋದ ಮಗನ ಕಾರ್ಡನ್ನು ಊರಿನಲ್ಲಿ ತಂದೆಯೋ ಸೊಸೆಯೋ ಬಳಸುವ ಮನೆಗಳು ಕಾಸರಗೋಡಿನ ಕಡೆ ಇಲ್ಲವೆಂದು ಯಾರೂ ಹೇಳರು. ಅಂಥವರಿಗೆ ನೇರ ದಾರಿಯೊಂದಿದೆ. ಹಣ ಬಳಸುವವರ ಹೆಸರಿನಲ್ಲೇ ಖಾತೆ ತೆರೆದು ಅದಕ್ಕೆ ಹಣ ಕಳುಹಿಸಬಹುದು. ಊರಿನಲ್ಲೇ ಇರುವವರು ಜಂಟಿ ಖಾತೆ ಮಾಡಿಸಿ ಒಬ್ಬೊಬ್ಬರೂ ತಮ್ಮ ತಮ್ಮ ಕಾರ್ಡು, ತಮ್ಮ ತಮ್ಮ ಪಿನ್ ಪಡೆಯಬಹುದು. ನಂಬಿಕೆಗೂ ಭಂಗವಿಲ್ಲ, ನಿಯಮಕ್ಕೂ ಭಂಗವಿಲ್ಲ.

ಪಿನ್ ಕೇವಲ ಬೀಗವಲ್ಲ, ಅದು ಸಾಕ್ಷಿಯೂ ಹೌದೆಂಬುದನ್ನು ಮರೆಯಬಾರದು. ಸರಿಯಾದ ಪಿನ್ ಒತ್ತಿ ಹಣ ತೆಗೆದದ್ದಾದರೆ, ನೀವೇ ತೆಗೆದಿರಿ ಇಲ್ಲವೆ ನೀವೇ ಹೇಳಿಕೊಟ್ಟಿರಿ ಎಂದು ಬ್ಯಾಂಕು ವಾದಿಸುತ್ತದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆ ಗ್ರಾಹಕರಿಗೆ ಒಳ್ಳೆಯ ರಕ್ಷಣೆ ಕೊಟ್ಟಿತು. ಮೂರನೆಯವರ ಕೈವಾಡದಿಂದ ಹಣ ಹೋಗಿ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕ ತಿಳಿಸಿದರೆ ಅವನಿಗೆ ನಷ್ಟವಿಲ್ಲ ಎಂದಿತು. ಆದರೆ ಅದೇ ಸುತ್ತೋಲೆ, ಗ್ರಾಹಕನೇ ಗುಟ್ಟು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟವೆಲ್ಲ ಅವನದೇ ಎಂದೂ ಹೇಳಿತು. ಎಂದ ಮೇಲೆ ಎರಡು ಮಾತು ಸ್ಪಷ್ಟ: ಪಿನ್ ಹೇಳಬಾರದು, ಹಣ ಹೋದರೆ ನಾಚಿಕೆಪಟ್ಟು ಮುಚ್ಚಿಡಬಾರದು. ತಕ್ಷಣ ಕಾರ್ಡು ನಿಲ್ಲಿಸಿ, 1930ಕ್ಕೆ ಫೋನು ಮಾಡಿ, ಬ್ಯಾಂಕಿಗೆ ಬರೆದು ಕೊಟ್ಟು ರಸೀದಿ ಪಡೆಯಬೇಕು. ಬ್ಯಾಂಕಿನ ಹೆಸರಿನಲ್ಲಿ ಫೋನು ಮಾಡಿ ಪಿನ್ ಕೇಳುವವನು ಬ್ಯಾಂಕಿನವನಲ್ಲ. ಬ್ಯಾಂಕಿನ ಸಿಬ್ಬಂದಿಗೆ ನಿಮ್ಮ ಪಿನ್ ಬೇಕಾಗುವ ಕೆಲಸವೇ ಇಲ್ಲ. ಮೊಬೈಲಿನಲ್ಲಿ ಹಣ ಬರಬೇಕಾದರೆ ಪಿನ್ ಒತ್ತಬೇಕೆನ್ನುವವನೂ ಮೋಸಗಾರನೇ. ಪಿನ್ ಬೇಕಾಗುವುದು ಕೊಡಲು, ಪಡೆಯಲಲ್ಲ.

ಹೊಣೆ ನಮ್ಮದೊಂದೇ ಅಲ್ಲ

ಇಷ್ಟು ಹೇಳಿ ಎಲ್ಲ ತಪ್ಪನ್ನೂ ಆ ಅಜ್ಜಿಯ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಪಿನ್ ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ ಆಕೆಯ ಕಾರ್ಡಿನೊಡನೆ ಬಂದ ಕಾಗದದಲ್ಲಿ ಇತ್ತು. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಸಹಿಗೆ ಹೆಬ್ಬೆಟ್ಟು ಒತ್ತಿದರೂ ಆಕೆ ಕನ್ನಡವನ್ನು ಕೂಡಿಸಿಕೊಂಡು ಓದಬಲ್ಲಳು. ಒಂದೇ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ 19,000 ರೂಪಾಯಿ ಉಳಿಯುತ್ತಿತ್ತೇನೋ. ಗ್ರಾಹಕರು ಬಳಸುವ ಮುದ್ರಿತ ಕಾಗದಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರಾದೇಶಿಕ ಭಾಷೆಯಲ್ಲಿ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಪ್ರಾದೇಶಿಕ ಭಾಷೆ ಎಂದರೆ ರಾಜ್ಯದ ಭಾಷೆ ಎಂದಷ್ಟೇ ಅರ್ಥ ಮಾಡಿಕೊಂಡಾಗ ಜತ್ತದ ಕನ್ನಡಿಗನೂ ಮಂಜೇಶ್ವರದ ಕನ್ನಡಿಗನೂ ಆ ಮೂರು ಭಾಷೆಗಳ ಹೊರಗೆ ಉಳಿಯುತ್ತಾರೆ. ಕೆಲವು ಯಂತ್ರಗಳಲ್ಲಿ ಕನ್ನಡ ಕಾಣುತ್ತದೆ, ಎಲ್ಲದರಲ್ಲೂ ಇಲ್ಲ. ಒಂದರಲ್ಲಿ ಸಾಧ್ಯವಾದದ್ದು ಇನ್ನೊಂದರಲ್ಲಿ ಏಕೆ ಸಾಧ್ಯವಿಲ್ಲ?

ಭಾಷಾ ಅಲ್ಪಸಂಖ್ಯಾತರು ಗಣನೀಯವಾಗಿರುವ ತಾಲೂಕುಗಳಲ್ಲಿ ಎ.ಟಿ.ಎಂ. ಪರದೆ, ಕಾರ್ಡಿನೊಡನೆ ಬರುವ ಎಚ್ಚರಿಕೆಯ ಕಾಗದ, ಮೊಬೈಲಿಗೆ ಬರುವ ಸಂದೇಶ ಈ ಮೂರನ್ನಾದರೂ ಅವರ ಭಾಷೆಯಲ್ಲಿ ಕೊಡಬೇಕೆಂದು ನಮ್ಮ ಸಂಘ ಸಂಸ್ಥೆಗಳು ಒತ್ತಾಯಿಸಬೇಕು. ಇದು ಗಡಿಯ ಜಗಳವಲ್ಲ, ಗ್ರಾಹಕರ ಸುರಕ್ಷೆಯ ಪ್ರಶ್ನೆ. ಅಂತೆಯೇ ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗಿತ್ತಿದೆ. ಪೊಲೀಸು ಠಾಣೆಯಲ್ಲಿ ಕನ್ನಡದಲ್ಲಿ ದೂರು ಬರೆದುಕೊಡಲು ಯಾರೂ ಹಿಂಜರಿಯಬೇಕಾಗಿಲ್ಲ. ಓದಲು ಬಾರದ ಹೇಳಿಕೆಗೆ ಹೆಬ್ಬೆಟ್ಟು ಒತ್ತಬೇಕಾಗಿಯೂ ಇಲ್ಲ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರುವುದೂ ತರವಲ್ಲ. ಈ ಘಟನೆಯ ನಂತರ ನಮ್ಮ ಶಾಲೆಯ ಕರಿಹಲಗೆಯ ಮೇಲೆ ಎ.ಟಿ.ಎಂ.ನ ಕೀಲಿಗಳ ಚಿತ್ರ ಬರೆದು ತಾಯಂದಿರನ್ನು ಕರೆದೆವು. ಕನ್ನಡ ಅಂಕಿ ಕಲಿತ ಹಿರಿಯರಿಗೆ ಯಂತ್ರದ ಅಂಕಿಗಳ ಗುರುತು ಹತ್ತಿರಲಿಲ್ಲ. ನಡುವಿನ 5ರ ಮೇಲೆ ಉಬ್ಬಿದ ಚುಕ್ಕೆಯಿರುತ್ತದೆ. ಅದನ್ನು ಬೆರಳಿನಿಂದ ಮುಟ್ಟಿ ಉಳಿದವುಗಳ ಸ್ಥಾನ ತಿಳಿಯುವುದನ್ನು ಹೇಳಿಕೊಟ್ಟೆವು. ಯಾರ ನಿಜವಾದ ಪಿನ್ನನ್ನೂ ಕೇಳಲಿಲ್ಲ. ಸುಳ್ಳು ಸಂಖ್ಯೆಯಿಂದಲೇ ಅಭ್ಯಾಸ ಮಾಡಿಸಿದೆವು. ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನು ಇಂದಿಗೂ ಬಾಯಿಪಾಠ ಹೇಳುವ ಹಿರಿಯರಿಗೆ ನಾಲ್ಕು ಅಂಕಿ ನೆನಪಿರಲಾರದೆಂಬುದು ನಮ್ಮ ತಪ್ಪು ತಿಳುವಳಿಕೆ. ಒಂದು ಮಧ್ಯಾಹ್ನದಲ್ಲಿ ಎಲ್ಲರೂ ಕಲಿತರು. ಹಣ ಕಳೆದುಕೊಂಡ ಆ ಅಜ್ಜಿಯೂ ಬಂದಿದ್ದಳು. ಹೊಸ ಕಾರ್ಡಿಗೆ ಹೊಸ ಪಿನ್ ಇಟ್ಟುಕೊಂಡಿದ್ದಾಳೆ, ಮೊಮ್ಮಗಳಿಗೂ ಹೇಳಿಲ್ಲವಂತೆ.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ, ಯಕ್ಷಗಾನ ಸಂಘಗಳಲ್ಲಿ, ಭಜನಾ ಮಂದಿರಗಳಲ್ಲಿ, ಮಹಿಳಾ ಕೂಟಗಳಲ್ಲಿ ಇಂಥ ಒಂದು ಮಧ್ಯಾಹ್ನವನ್ನು ತೆಗೆದಿಡುವುದು ಕಷ್ಟದ ಕೆಲಸವಲ್ಲ. ಹಲಗೆ ಬೇಕು, ಸೀಮೆಸುಣ್ಣ ಬೇಕು, ತಾಳ್ಮೆ ಬೇಕು. ಶಿಕ್ಷಕ ಬಂಧುಗಳೂ ಸಂಘಟಕರೂ ಇತ್ತ ಗಮನ ಹರಿಸುವರೆಂದು ನಂಬಿದ್ದೇವೆ. ಬ್ಯಾಂಕುಗಳು ನಮ್ಮ ಭಾಷೆಯಲ್ಲಿ ಮಾತನಾಡುವಂತೆ ಕೇಳುತ್ತಲೇ ಇರೋಣ. ಅಲ್ಲಿಯವರೆಗೆ, ನಮ್ಮ ಭಾಷೆಯಲ್ಲಿ ಮಾತನಾಡಿದ ಮಾತ್ರಕ್ಕೆ ಯಾರ ಕೈಗೂ ಬೀಗದ ಕೈ ಕೊಡದಿರೋಣ.